ಮೂರನೇ ತಿರುವಿನ ಹಲಗೆ

ಜನವರಿ 12

ಮಗಳಿಗೆ,

ಕಾಗದ ಬರೆಯುವುದು ನನ್ನ ಕೆಲಸವಲ್ಲ. ಐದನೇ ಕ್ಲಾಸಿಗೆ ಸ್ಲೇಟು ಕೆಳಗಿಟ್ಟು ಉಳಿ ಹಿಡಿದವನು ನಾನು. ಹತ್ತು ಸಾಲು ಬರೆಯುವ ಹೊತ್ತಿಗೆ ಒಂದು ಬಾಗಿಲು ಕೂರಿಸಿ ಚಿಲಕ ಹಾಕಬಲ್ಲೆ. ಆದರೆ ನಿನ್ನ ಅಮ್ಮ ಫೋನು ಕೈಗೆ ಕೊಡುತ್ತಿಲ್ಲ. "ಅಪ್ಪ ಫೋನಲ್ಲಿ ಕೂಗ್ತಾರೆ, ಹೇಳೋದಿದ್ರೆ ಬರೆದು ಕಳಿಸಲಿ" ಅಂದೆಯಂತೆ. ನಾನು ಕೂಗುವುದಿಲ್ಲ. ಮೂವತ್ತು ವರ್ಷ ಕಂಪ್ರೆಸರ್ ಪಕ್ಕ ನಿಂತು ಕೆಲಸ ಮಾಡಿದವನ ದನಿ ಹೀಗೇ ಇರುತ್ತದೆ. ಇದನ್ನೇ ಅಮ್ಮನಿಗೆ ಹೇಳಿದರೆ, "ನೋಡಿ, ಈಗಲೂ ಕೂಗ್ತಿದ್ದೀರಿ" ಅಂತಾಳೆ. ಆಯಿತು, ಕಾಗದದ ಮೇಲೆ ಕೂಗುವುದಕ್ಕೆ ಬರುವುದಿಲ್ಲ, ಇಬ್ಬರೂ ಸಂತೋಷಪಡಿ.

ವಿಷಯ ಇಷ್ಟು. ಆಟದ ಪಾರ್ಕಿನವರು ನನ್ನನ್ನು ವಾಪಸು ಕರೆದಿದ್ದಾರೆ. ನಾನು ಕಟ್ಟಿ ಇಪ್ಪತ್ತೈದು ವರ್ಷ ನೋಡಿಕೊಂಡ, ಜನರನ್ನು ಕತ್ತಲಲ್ಲಿ ಸುತ್ತಿಸಿ ಹೆದರಿಸುವ ಕತ್ತಲೆ ಗಾಡಿ ಇತ್ತಲ್ಲ, ನಾನು ರಿಟೈರ್ ಆದಾಗ ಅದಕ್ಕೂ ಬೀಗ ಹಾಕಿದ್ದರು. ಮೂರು ವರ್ಷ ಆದ ಮೇಲೆ ಈಗ ಅದೇ ಕಟ್ಟಡದಲ್ಲಿ ಹೊಸ ಸವಾರಿ ಮಾಡುತ್ತಿದ್ದಾರೆ. ಕತ್ತಲೆಯೊಳಗೇ ಹೋಗುವುದು, ಆದರೆ ಹೆದರಿಸುವುದಿಲ್ಲವಂತೆ. ಅಜ್ಜಿಯಿಂದ ಮೊಮ್ಮಗಳ ತನಕ ಮನೆಮಂದಿಯೆಲ್ಲ ಒಂದೇ ಗಾಡಿಯಲ್ಲಿ ಕೂತು ಕಥೆ ನೋಡಿಕೊಂಡು ಬರುವುದು. ಇಂಜಿನಿಯರ್ ಒಬ್ಬ ಹುಡುಗಿ. ಸೊಂಟದಲ್ಲಿ ಯಾವಾಗಲೂ ಅಳತೆ ಟೇಪು ನೇತಾಡುತ್ತಿರುತ್ತದೆ. ವರ್ಕ್‌ಶಾಪಿನಲ್ಲಿ ಎಲ್ಲರೂ ಅವಳನ್ನು ಟೇಪು ಅಂತಲೇ ಕರೆಯುವುದು. ಹೆಸರಿಟ್ಟವನು ನಾನೇ. ಓದಿದವಳು, ಆದರೆ ನೆಲದಡಿ ಯಾವ ಪೈಪು ಎಲ್ಲಿ ಹೋಗಿದೆ ಅಂತ ಅವಳಿಗೆ ಗೊತ್ತಿಲ್ಲ. ನಕ್ಷೆ ಯಾರ ಹತ್ತಿರವೂ ಇಲ್ಲ. ನನ್ನ ತಲೆಯಲ್ಲಿದೆ. ಅದಕ್ಕೇ ಕರೆದದ್ದು.

ನಮ್ಮಲ್ಲಿರುವ ರೂಢಿ ನಿನಗೆ ಗೊತ್ತು. ಯಾವ ಸವಾರಿಯೇ ಆಗಲಿ, ಜನಕ್ಕೆ ಬಾಗಿಲು ತೆಗೆಯುವ ಮೊದಲು ಕಟ್ಟಿದವರ ಮನೆಯವರು ಕೂರಬೇಕು. ಮನೆಯವರ ಸುತ್ತು. ಸ್ವಂತ ಮಕ್ಕಳನ್ನು ಕೂರಿಸಲು ಧೈರ್ಯವಿಲ್ಲದವನು ಊರಿನ ಮಕ್ಕಳನ್ನು ಕೂರಿಸಬಾರದು. ಈ ಸಲ ಅದು ಏಪ್ರಿಲ್ 20ಕ್ಕೆ. ನನಗೆ ಒಂದು ಗಾಡಿ, ನಾಲ್ಕು ಸೀಟು. ನಾನು, ಅಮ್ಮ, ನೀನು, ಮೊಮ್ಮಗಳು ನಮ್ಮ ಮೊಳೆ. ಅಳಿಯಂದಿರಿಗೆ ಗಾಡಿ ತಿರುಗಿದರೆ ತಲೆ ತಿರುಗುತ್ತದೆ, ಅವರು ಹೊರಗೆ ಬ್ಯಾಗು ಹಿಡಿದು ನಿಲ್ಲಲಿ. ಮೊಳೆಗೆ ಏಳು ತುಂಬಿತು, ಸರಿಯಾದ ವಯಸ್ಸು. ಮೊಳೆ ಅಂತ ಕರೆಯಬೇಡಿ ಅಂದಿದ್ದೆ ನೀನು. ಎಲ್ಲಿ ಕೂತರೂ ಚುಚ್ಚಿ ಪ್ರಶ್ನೆ ಕೇಳುವವಳನ್ನು ಇನ್ನೇನು ಅನ್ನಲಿ.

ಹೆಸರಿನ ಪಟ್ಟಿ ಮಾರ್ಚ್ 31ಕ್ಕೆ ಮುಚ್ಚುತ್ತಾರೆ. ಬರುತ್ತೀರಿ ತಾನೆ?

ಇಂತಿ,
ನಿನ್ನ ಅಪ್ಪ


ಫೆಬ್ರವರಿ 3

ಮಗಳಿಗೆ,

ನಿನ್ನ ಕಾರ್ಡು ಬಂತು. "ನೋಡೋಣ" ಅಂತ ಒಂದು ಮಾತು. ಉಳಿದ ಜಾಗದಲ್ಲಿ ಮೊಳೆ ಕರಡಿ ಬರೆದಿದ್ದಾಳೆ. ಆರು ಗಂಟೆ ಬಸ್ಸಿನ ದಾರಿಯಿಂದ ಬಂದ ಕಾರ್ಡಿನಲ್ಲಿ ನಿನ್ನ ಪಾಲು ಮೂರಕ್ಷರ.

ಕರಡಿಯ ಗುಟ್ಟು ಮೊಳೆಗೆ ಹೇಳಿದ್ದು ನಿನ್ನ ಅಮ್ಮ. ಒಳಗಿನ ಕಥೆ ಯಾರಿಗೂ ಹೇಳುವುದಿಲ್ಲ ಅಂತ ನನ್ನ ಕೈಲಿ ಸಹಿ ಹಾಕಿಸಿಕೊಂಡಿದ್ದಾರೆ, ಅಮ್ಮನ ಕೈಲಿ ಹಾಕಿಸಿಕೊಂಡಿಲ್ಲ. ಹೇಗೂ ಹೊರಬಿತ್ತು, ಕೇಳು. ಒಂದು ಕರಡಿಗೆ ಅದರ ನೆರಳು ಕಳೆದುಹೋಗಿದೆ. ಗಾಡಿಯಲ್ಲಿ ಕೂತವರ ಕೈಗೆ ಒಂದು ಲಾಟೀನು ಕೊಡುತ್ತಾರೆ. ಕೋಣೆಯಿಂದ ಕೋಣೆಗೆ ಹೋಗಿ ಲಾಟೀನು ತಿರುಗಿಸಿದರೆ ಗೋಡೆಯ ಮೇಲೆ ನೆರಳುಗಳು ಓಡುತ್ತವೆ, ಬೆಕ್ಕಿನದು, ಕುರ್ಚಿಯದು, ಮೂಗು ಉದ್ದ ಇರುವ ಅಜ್ಜನದು. ಕರಡಿಯದು ಯಾವುದು ಅಂತ ಮಕ್ಕಳೇ ಹುಡುಕಬೇಕು. ನಾನು ಮೊದಲು ಬೈದೆ. ಹಳಿ ಇಲ್ಲದ ಗಾಡಿ, ನೆಲದೊಳಗೆ ಹೂತ ತಂತಿ ನೋಡಿಕೊಂಡು ತಾನೇ ಹೋಗುತ್ತದೆ. ಕುಡುಕನ ಹಾಗೆ ಎಲ್ಲೆಂದರಲ್ಲಿ ತಿರುಗಿದರೆ ಏನು ಗತಿ ಅಂದೆ. ಟೇಪು ವರ್ಕ್‌ಶಾಪಿನ ನೆಲದಲ್ಲೇ ಪರೀಕ್ಷೆಗೆ ತಂತಿ ಎಳೆಸಿ, ಒಂದು ಗಾಡಿಯಲ್ಲಿ ನನ್ನನ್ನು ಕೂರಿಸಿ ಕಳಿಸಿದಳು. ಆ ಕರಡಿ ಇನ್ನೂ ತಂತಿಯ ಅಸ್ಥಿಪಂಜರ, ತುಪ್ಪಳವೂ ಇಲ್ಲ. ಆದರೂ ಅದು ಕತ್ತು ಹೊರಳಿಸಿ ನೋಡಿದಾಗ ನಾನು ಲಾಟೀನು ಎತ್ತಿಬಿಟ್ಟೆ. ಇದನ್ನು ಟೇಪುಗೆ ಹೇಳಿಲ್ಲ.

ಅಂದಿನಿಂದ ನನಗೆ ಕೂತಲ್ಲಿ ಕೂರಲು ಆಗುತ್ತಿಲ್ಲ. ಊಟಕ್ಕೆ ಕೂತವನು ಎದ್ದು ಹೋಗಿ ಫ್ಯಾನಿನ ಬೋಲ್ಟು ಬಿಗಿ ಮಾಡುತ್ತೇನಂತೆ. "ಏಪ್ರಿಲ್ ಬರೋದ್ರೊಳಗೆ ಈ ಮನೇಲಿ ಒಂದೂ ಬಾಗಿಲು ಸಡಿಲ ಇರಲ್ಲ, ನನ್ನ ತಲೆ ಒಂದು ಬಿಟ್ಟು" ಅಂತಾಳೆ ಅಮ್ಮ.

ಒಂದು ವಿಷಯಕ್ಕೆ ಟೇಪು ಜೊತೆ ಜಗಳ ಆಯಿತು. ಗಾಡಿಯಲ್ಲಿ ಕೂತ ಮಗುವಿನ ಕೈ ಎಲ್ಲಿಯ ತನಕ ಚಾಚುತ್ತದೆ ಅಂತ ನೋಡಲು ಅವಳು ಪೈಪಿನಲ್ಲಿ ಒಂದು ಚೌಕಟ್ಟು ಮಾಡಿಸಿದ್ದಾಳೆ. ನಾನು ಹೇಳಿದೆ, ನಮಗೆ ಚೌಕಟ್ಟು ಇರಲಿಲ್ಲಮ್ಮ, ಮಗಳಿದ್ದಳು. ನಿನ್ನ ಎರಡೂ ಕೈಗೆ ಸೀಮೆಸುಣ್ಣ ಕೊಟ್ಟು, ಕೈ ಚಾಚು ಅಂತ ಗಾಡಿಯಲ್ಲಿ ಕೂರಿಸಿ ತಳ್ಳುತ್ತಿದ್ದೆ. ಸುಣ್ಣದ ಗೀಟು ಬಿದ್ದ ಕಡೆ ಹಲಗೆ ಕೊಯ್ಯುತ್ತಿದ್ದೆ. ಇಪ್ಪತ್ತೈದು ವರ್ಷದಲ್ಲಿ ಒಂದು ಮಗುವಿನ ಉಗುರೂ ಗೋಡೆಗೆ ತಾಗಿಲ್ಲ. ಫ್ಯೂಸು ಹೋಗಿ ಹತ್ತು ನಿಮಿಷ ಕತ್ತಲಾದಾಗ ನೀನು ಮಾಡಿದ ರಂಪವನ್ನೂ ಹೇಳಿದೆ. ವರ್ಕ್‌ಶಾಪಿನವರೆಲ್ಲ ನಕ್ಕರು.

ನಾಳೆ ಹಳೇ ಹಲಗೆಗಳನ್ನು ಕೀಳಲು ಶುರು ಮಾಡುತ್ತೇವೆ. ನೋಡೋಣ ಗೀಡೋಣ ಬೇಡ, ಸರಿಯಾಗಿ ಬರಿ.

ಇಂತಿ,
ಅಪ್ಪ


ಫೆಬ್ರವರಿ 13

ಅಪ್ಪನಿಗೆ,

ಸರಿಯಾಗಿ ಬರಿ ಅಂದಿರಿ, ಬರೆಯುತ್ತೇನೆ. ನಾವು ಬರುವುದಿಲ್ಲ.

ಹತ್ತು ನಿಮಿಷ ಅಂತ ನೀವು ಇನ್ನೂ ಹೇಳಿಕೊಂಡು ತಿರುಗುತ್ತಿದ್ದೀರಿ. ನನ್ನ ಮದುವೆಯ ಊಟದಲ್ಲಿ ನಿಮ್ಮ ವರ್ಕ್‌ಶಾಪಿನ ಪಂಕ್ತಿಯ ಮುಂದೆ ನಿಂತು ಹೇಳಿದಿರಿ, "ಅಳಿಯಂದಿರೇ, ಮನೇಲಿ ದೀಪ ಆರಿಸೋ ಮುಂಚೆ ಇವಳನ್ನ ಕೇಳಿ, ಹತ್ತು ನಿಮಿಷದ ಕತ್ತಲೆಗೆ ಲಂಗ ಒದ್ದೆ ಮಾಡ್ಕೊಂಡೋಳು ಇವಳು" ಅಂತ. ಎಲ್ಲರೂ ನಕ್ಕರು. ಅವರೂ ನಕ್ಕರು, ಪಾಪ, ಹೊಸ ಅಳಿಯ ಇನ್ನೇನು ಮಾಡಿಯಾರು. ಆಮೇಲೆ ನಾನು ನಿಮ್ಮ ಮನೆಗೆ ಎಷ್ಟು ಸಲ ಬಂದಿದ್ದೇನೆ ಅಂತ ನೀವೇ ನೆನಪು ಮಾಡಿಕೊಳ್ಳಿ.

ನನಗೆ ಕತ್ತಲೆಯ ಭಯ ಆಗಲೂ ಇರಲಿಲ್ಲ, ಈಗಲೂ ಇಲ್ಲ. ಆ ದಿನ ಫ್ಯೂಸು ಹೋದಾಗ "ನಾನು ಬರೋ ತನಕ ಗಾಡಿಯಿಂದ ಇಳೀಬೇಡ, ಕದಲಬೇಡ" ಅಂದು ಹೋದಿರಿ. ಹಿಂದಿನ ಬಾಗಿಲು ಎಲ್ಲಿದೆ ಅಂತ ನನಗೆ ಗೊತ್ತಿತ್ತು. ಗೋಡೆ ಹಿಡಿದು ಹೋಗಬಹುದಿತ್ತು. ನೀವು ಹೇಳಿದ್ದಿರಿ ಅಂತ ಹೋಗಲಿಲ್ಲ. ಉಚ್ಚೆ ಬಂದಾಗಲೂ ಇಳಿಯಲಿಲ್ಲ.

ನನ್ನ ಮಗಳೂ ಹೇಳಿದ ಮಾತು ಕೇಳುವ ಮಗು. ನನ್ನ ಭಯ ಅದು.

ಲ್ಯಾಬಿನಲ್ಲಿ ನಾನು ದಿನಾ ಮಕ್ಕಳ ಕೈಯಿಂದ ರಕ್ತ ತೆಗೆಯುತ್ತೇನೆ. "ಹತ್ತು ಎಣಿಸು, ಅಷ್ಟರಲ್ಲಿ ಮುಗಿಸ್ತೀನಿ" ಅನ್ನುತ್ತೇನೆ. ಒಂಬತ್ತಕ್ಕೆ ಸೂಜಿ ಹೊರಗಿರುತ್ತದೆ. ಹನ್ನೊಂದು ಅಂತ ಯಾವ ಮಗುವೂ ನನ್ನ ಮುಂದೆ ಎಣಿಸಿಲ್ಲ. ಕೆಲಸದ ಬಗ್ಗೆ ನೀವು ತುಂಬಾ ಹೇಳುತ್ತೀರಲ್ಲ, ನನ್ನ ಕೆಲಸ ಹೀಗೆ.

ಅಮ್ಮನ ಮಂಡಿ ನೋವಿನ ಮಾತ್ರೆ ಮುಗಿದಿರಬೇಕು. ಕಳಿಸುತ್ತಿದ್ದೇನೆ.

ಇಂತಿ,
ಮಗಳು


ಫೆಬ್ರವರಿ 25

ಮಗಳಿಗೆ,

ಮಾತ್ರೆ ಬಂತು. ಅಮ್ಮನಿಗೆ ಪರವಾಗಿಲ್ಲ.

ಹಲಗೆ ಕಿತ್ತದ್ದಾಯಿತು. ಮೂರು ಲಾರಿ ಹೋಯಿತು. ಮೂರನೇ ತಿರುವಿನ ಒಂದು ಹಲಗೆ ಮಾತ್ರ ಲಾರಿಗೆ ಹಾಕಲು ನಾನು ಬಿಡಲಿಲ್ಲ. ವೆಲ್ಡರ್ "ಯಾಕೆ, ಮನೆಗೆ ಮಂಚ ಮಾಡಿಸ್ತೀಯಾ" ಅಂತ ಕೇಳಿದ. ನಾನು ಬೈದೆ. ಯಾಕೆ ಅಷ್ಟು ಬೈದೆ ಅಂತ ಅವನಿಗೂ ಗೊತ್ತಾಗಲಿಲ್ಲ. ಮಧ್ಯಾಹ್ನ ಊಟಕ್ಕೆ ಬಂದವನು ಊಟ ಮಾಡದೆ ವಾಪಸು ಹೋಗಿ ಆ ಹಲಗೆಯ ಮೇಲೆ ಟಾರ್ಪಾಲು ಹೊದಿಸಿದೆ. ಒಳಗೆ ಮಳೆ ಬರುವುದಿಲ್ಲ, ಆದರೂ ಹೊದಿಸಿದೆ.

ನಿನ್ನ ಕಾಗದಕ್ಕೆ ಉತ್ತರ ಬರೆಯಲು ನಾಲ್ಕು ಹಾಳೆ ಹರಿದೆ. ಒಂದು ವಿಷಯ ತಿಳಿಯಬೇಕು. ಏಳು ವರ್ಷಕ್ಕೆ ನಿನಗೆ ಎಷ್ಟರ ತನಕ ಎಣಿಸಲು ಬರುತ್ತಿತ್ತು?

ಅಪ್ಪ


ಮಾರ್ಚ್ 1

ಅಪ್ಪನಿಗೆ,

ನೂರರ ತನಕ. ಯಾಕೆ?

ಮಗಳು


ಮಾರ್ಚ್ 7

ಮಗಳೇ,

ನೂರು ಅಂದೆ. ಹಾಗಾದರೆ ನಾನು ಹಾಕಿದ ಲೆಕ್ಕ ಸರಿ.

ಮೂರನೇ ತಿರುವಿನಲ್ಲಿ ಹಲಗೆ ಎರಡು ಪದರ ಇತ್ತು. ಮೇಲಿನದನ್ನು ಕಿತ್ತೆವು. ಕೆಳಗಿನದರ ಮೇಲೆ ಸೀಮೆಸುಣ್ಣದ ಗೀಟುಗಳಿದ್ದವು. ಗಾಡಿಯಲ್ಲಿ ಕೂತ ಸಣ್ಣ ಮಗುವಿನ ಕೈಗೆ ಎಟುಕುವ ಎತ್ತರದಲ್ಲಿ. ಅಳತೆಗೆ ಬಿದ್ದ ಗೀಟು ಅಡ್ಡ ಇರುತ್ತದೆ, ಗಾಡಿ ಓಡುವಾಗ ಎಳೆದುಕೊಂಡು ಹೋಗುತ್ತದೆ. ಇವು ಮೇಲಿನಿಂದ ಕೆಳಕ್ಕೆ. ನಿಂತ ಗಾಡಿಯಲ್ಲಿ ಕೂತು ಒಂದೊಂದಾಗಿ ಎಳೆದದ್ದು. ಮೊದಲಿನವು ನೆಟ್ಟಗಿವೆ. ಆಮೇಲಾಮೇಲೆ ಒಂದರ ಮೇಲೊಂದು ಹತ್ತಿವೆ, ಕಾಣದೆ ಎಳೆದರೆ ಹಾಗೇ ಆಗುವುದು. ನಲವತ್ತೇಳು. ಮೂರು ಸಲ ಎಣಿಸಿದೆ. ಟೇಪು ಒಂದು ಸಲ ಎಣಿಸಿದಳು.

ನೂರು ಎಣಿಸಿ ಒಂದು ಗೀಟು, ಮತ್ತೆ ನೂರು ಎಣಿಸಿ ಇನ್ನೊಂದು. ಹೌದು ತಾನೆ? ನಾನು ಗಡಿಯಾರ ಇಟ್ಟುಕೊಂಡು ಎಣಿಸಿ ನೋಡಿದೆ. ನೂರಕ್ಕೆ ಒಂದು ನಿಮಿಷ ಹತ್ತು ಸೆಕೆಂಡು. ಒಟ್ಟು ಐವತ್ತೈದು ನಿಮಿಷ.

ಈಗ ಆ ದಿನದ್ದು ಬರೆಯುತ್ತೇನೆ. ಇದನ್ನು ನಿನ್ನ ಅಮ್ಮನಿಗೂ ಹೇಳಿರಲಿಲ್ಲ. ಫ್ಯೂಸು ಹಾಕಲು ಹೊರಗೆ ಬಂದೆ. ಬಾಗಿಲಲ್ಲೇ ಮ್ಯಾನೇಜರ್ ಸಿಕ್ಕಿದ, ಜೈಂಟ್ ವೀಲ್ ನಿಂತಿದೆ, ಮೇಲೆ ಇಪ್ಪತ್ತು ಜನ ಇದ್ದಾರೆ ಅಂದ. ಓಡಿದೆ. ಹತ್ತಿ ಸರಿ ಮಾಡಿ ಇಳಿದೆ. ಎಲ್ಲರೂ ಬೆನ್ನು ತಟ್ಟಿದರು. ಯಾರೋ ಟೀ ತಂದರು. ಕುಡಿದೆ. ಇನ್ನೊಂದು ತಂದರು, ಅದನ್ನೂ ಕುಡಿಯುತ್ತಾ ಕೂತೆ. ಬೀಡಿ ತೆಗೆಯಲು ಜೇಬಿಗೆ ಕೈಹಾಕಿದರೆ ಸೀಮೆಸುಣ್ಣದ ಚೂರು ಸಿಕ್ಕಿತು. ಆಗ ನೆನಪಾಯಿತು, ನೀನು ಒಳಗಿದ್ದೀಯ ಅಂತ.

ನೀನು ಬಾಗಿಲು ಹುಡುಕಿಕೊಂಡು ಹೊರಗೆ ಹೋಗಿರುತ್ತೀಯ ಅಂದುಕೊಂಡಿದ್ದೆ ಅಂತ ಇಷ್ಟು ವರ್ಷ ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಅದು ಸುಳ್ಳು. ಏನೂ ಅಂದುಕೊಂಡಿರಲಿಲ್ಲ. ಮರೆತಿದ್ದೆ.

ಇನ್ನೊಂದಿದೆ. ಆ ಎರಡನೇ ಪದರ ಹೊಡೆದವನು ನಾನೇ. ಅದೇ ವಾರ. ಹಲಗೆ ತರಕಲಾಗಿದೆ, ಮಕ್ಕಳ ಕೈಗೆ ಸಿಬಿರು ಚುಚ್ಚುತ್ತದೆ ಅಂತ ನೆಪ. ದೀಪ ಹಾಕಿಕೊಂಡೇ ಹೊಡೆದದ್ದು. ಗೀಟುಗಳು ಕಣ್ಣಿಗೆ ಬಿದ್ದಿದ್ದವು ಮಗಳೇ. ಕಂಡಿದ್ದವು. ಎಣಿಸಲಿಲ್ಲ ಅಷ್ಟೇ. ಎಣಿಸಿದ್ದರೆ ಹತ್ತು ನಿಮಿಷ ಅನ್ನಲು ಬಾಯಿ ಬರುತ್ತಿರಲಿಲ್ಲ. ಮೊಳೆ ಹೊಡೆದೆ, ಕಪ್ಪು ಬಣ್ಣ ಬಳಿದೆ, ಹೊರಗೆ ಬಂದು ಎಲ್ಲರ ಹತ್ತಿರ ತಮಾಷೆ ಮಾಡಿದೆ. ಮೊದಲ ಸಲ ಹೇಳುವಾಗ ಯಾರ ಮುಖವನ್ನೂ ನೋಡಲಿಲ್ಲ. ಆಮೇಲೆ ಸಲೀಸಾಯಿತು. ನಿನ್ನ ಮದುವೆ ಹೊತ್ತಿಗೆ ನಾನೇ ನಂಬಿಬಿಟ್ಟಿದ್ದೆ.

ಅಮ್ಮನಿಗೆ ನಿನ್ನೆ ಹೇಳಿದೆ. ಅವಳು ಎದ್ದು ಒಳಗೆ ಹೋದಳು. ಫೋನು ತಂದು ನನ್ನ ಮುಂದಿಟ್ಟಳು. ನಾನೇ ಬೇಡ ಅಂದೆ. ಫೋನಲ್ಲಿ ಕೂಗಿಬಿಡುತ್ತೇನೆ.

ಅಪ್ಪ


ಮಾರ್ಚ್ 22

ಮಗಳೇ,

ಹದಿನೈದು ದಿನ ಆಯಿತು. ಉತ್ತರ ಇಲ್ಲ. ಪೋಸ್ಟಿನವನು ನನ್ನನ್ನು ಕಂಡರೆ ರಸ್ತೆಯ ಆಚೆ ಬದಿ ಹಿಡಿದು ಹೋಗುತ್ತಾನೆ. ನೀನು ಬರೆಯದೆ ಇರಬಹುದು, ನಿನ್ನ ಹಕ್ಕು. ನಾನು ಸುಮ್ಮನೆ ಇರಲಾರೆ, ನನ್ನ ಹಣೆಬರಹ. ಆಗಿರುವ ಕೆಲಸ ತಿಳಿಸುತ್ತೇನೆ.

ಮೊದಲನೆಯದು. ಕಳೆದ ಗುರುವಾರ ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ, ಮೂರನೇ ತಿರುವಿನಲ್ಲಿ ಗಾಡಿ ನಿಲ್ಲಿಸಿ ಮೇನ್ ಆಫ್ ಮಾಡಿಸಿ ಕೂತೆ. ಕೈಯಲ್ಲಿ ಸೀಮೆಸುಣ್ಣ. ನಲವತ್ತೇಳು ಮುಗಿಸಿಯೇ ಏಳುವುದು ಅಂತ. ಟೇಪು ಹೊರಗೆ ಗಡಿಯಾರ ಹಿಡಿದು ನಿಂತಿದ್ದಳು. ಕತ್ತಲು ನನಗೆ ಹೊಸದಲ್ಲ, ಆ ಕತ್ತಲನ್ನು ಕಟ್ಟಿದವನೇ ನಾನು. ಆದರೆ ಕೆಲಸ ಇಲ್ಲದೆ, ಯಾರು ಯಾವಾಗ ಬರುತ್ತಾರೆ ಅಂತ ಗೊತ್ತಿಲ್ಲದೆ ಅದರಲ್ಲಿ ಕೂತಿರಲಿಲ್ಲ. ಆರನೇ ಗೀಟಿಗೆ ಟೇಪು ಹೊರಟುಹೋದಳೇನೋ ಅನ್ನಿಸಿತು. ಒಂಬತ್ತಕ್ಕೆ ಎಣಿಕೆ ತಪ್ಪಿತು. ಹನ್ನೊಂದಕ್ಕೆ ಎದ್ದು ಗೋಡೆ ಹಿಡಿದುಕೊಂಡು ಹೊರಗೆ ಬಂದೆ. ನನಗೆ ಅರವತ್ತಾರು. ಆಗ ನಿನಗೆ ಏಳು.

ಎರಡನೆಯದು. ನಿನ್ನ ಮದುವೆ ಊಟದಲ್ಲಿ ನಕ್ಕ ವರ್ಕ್‌ಶಾಪಿನವರಲ್ಲಿ ಈಗ ಬದುಕಿರುವವರು ಐದು ಜನ. ಐವರಿಗೂ ಹೇಳಿಯಾಯಿತು. ಟೀ ಹೊತ್ತಿನಲ್ಲಿ ನಾಲ್ವರಿಗೆ, ಪೇಂಟರ್ ಮನೆಗೆ ಹೋಗಿ ಅವನಿಗೆ ಒಬ್ಬನಿಗೆ. ಹಲಗೆಯನ್ನೂ ತೋರಿಸಿದೆ. ವೆಲ್ಡರ್ ಬಗ್ಗಿ ನೋಡಿ, "ನೀನು ಸುಳ್ಳು ಹೇಳಿದ್ದಕ್ಕಲ್ಲ ಕಣೋ, ನಮ್ಮನ್ನ ನಗಿಸಿದ್ಯಲ್ಲ, ಅದಕ್ಕೆ ಒದೀಬೇಕು ನಿನ್ನ" ಅಂದ. ಒದಿ ಅಂದೆ. ಒದೆಯಲಿಲ್ಲ. ಎರಡು ದಿನ ನನ್ನ ಜೊತೆ ಟೀ ಕುಡಿಯಲಿಲ್ಲ. ಅಳಿಯಂದಿರಿಗೆ ಬೇರೆ ಕಾಗದ ಬರೆದಿದ್ದೇನೆ, ಅವರ ಲ್ಯಾಂಡ್ರಿ ಅಂಗಡಿ ವಿಳಾಸಕ್ಕೆ. ತೋರಿಸು ಅಂದರೆ ತೋರಿಸುತ್ತಾರೆ.

ಮೂರನೆಯದು. ಪ್ರತಿ ಗಾಡಿಯಲ್ಲೂ ಮಗುವಿನ ಕೈಗೆ ಎಟುಕುವ ಕಡೆ ಒಂದು ಹಗ್ಗ ಇಡಿಸಿದ್ದೇನೆ. ಎಳೆದರೆ ಆ ಕೋಣೆಯ ದೀಪ ಹತ್ತಬೇಕು, ಸ್ಪೀಕರಿನಲ್ಲಿ ದನಿ ಬರಬೇಕು. ಕರೆಂಟು ಹೋದರೂ ಬರಬೇಕು, ಅದಕ್ಕೆ ಬೇರೆ ಬ್ಯಾಟರಿ. ಟೇಪು ಮೊದಲು ಒಪ್ಪಲಿಲ್ಲ.

"ಅಜ್ಜಾ, ಮಕ್ಕಳು ಸುಮ್ಮಸುಮ್ಮನೆ ಎಳೀತಾರೆ."

"ಎಳೀಲಿ."

"ಸರಿ, ರೆಕಾರ್ಡ್ ಮಾಡಿದ ದನಿ ಹಾಕ್ತೀನಿ, ಹೆದರಬೇಡಿ ಅಂತ."

"ರೆಕಾರ್ಡ್‌ಗೆ ಮಗು ಏನಾದ್ರೂ ಕೇಳಿದ್ರೆ ಉತ್ತರ ಕೊಡುತ್ತಾ? ಮನುಷ್ಯರು ಮಾತಾಡ್ಬೇಕು. ನೂರು ಎಣಿಸೋದ್ರೊಳಗೆ."

"ನೂರು ಯಾಕೆ, ಹತ್ತಕ್ಕೇ ಮಾತಾಡ್ಸೋಣ ಬಿಡಿ."

ಹತ್ತು ಅಂತ ಅವಳು ಹೇಳಿದ್ದು. ನಿನ್ನ ಸೂಜಿಯ ವಿಷಯ ನಾನು ಅವಳಿಗೆ ಹೇಳಿರಲಿಲ್ಲ. ಈಗ ಗಾಡಿ ಬಿಡುವವರ ಮೇಜಿನ ಮೇಲೆ ಕಪ್ಪಕ್ಷರದಲ್ಲಿ ಬರೆದು ಅಂಟಿಸಿದೆ, ಹಗ್ಗ ಎಳೆದ ಮಗುವಿಗೆ ಹತ್ತು ಎಣಿಸುವುದರೊಳಗೆ ಉತ್ತರ. ಬರೆದದ್ದು ನಾನು, ಅಕ್ಷರ ಸೊಟ್ಟ ಇದೆ. ಇರಲಿ ಅಂದಳು.

ಮೊಳೆಗೆ ನೀನೇ ಹೇಳಿಕೊಡು. ಯಾರೇ ಕದಲಬೇಡ ಅನ್ನಲಿ, ಅಜ್ಜನೇ ಅನ್ನಲಿ, ಹತ್ತು ಎಣಿಸು, ಆಮೇಲೆ ಹಗ್ಗ ಎಳಿ ಅಂತ. ನನ್ನ ಮಾತು ಕೇಳಬಾರದು ಅಂತ ನಾನು ಜೀವನದಲ್ಲಿ ಮೊದಲ ಸಲ ಯಾರಿಗಾದರೂ ಹೇಳುತ್ತಿರುವುದು.

ಕರಡಿಗೆ ಮೊನ್ನೆ ತುಪ್ಪಳ ಬಂತು. ಕೊನೆಯ ಕೋಣೆಯಲ್ಲಿ ಅದಕ್ಕೆ ನೆರಳು ಸಿಗುತ್ತದೆ. ಎಲ್ಲಿ ಅಂತ ಬರೆಯುವುದಿಲ್ಲ, ಸಹಿ ಹಾಕಿದ್ದೇನೆ.

ಈಗ ಏಪ್ರಿಲ್ 20ರ ಮಾತು. ಮನೆಯವರ ಸುತ್ತು ಬೆಳಿಗ್ಗೆ ಹತ್ತಕ್ಕೆ ಶುರು. ನಮ್ಮ ಗಾಡಿಯನ್ನು ಕೊನೆಗೆ ಇಡಿಸಿದ್ದೇನೆ. ನಿನಗೆ ಕತ್ತಲಲ್ಲಿ ಬೇಡ ಅಂದರೆ ಒಳಗಿನ ಕೆಲಸದ ದೀಪಗಳನ್ನೆಲ್ಲ ಹಾಕಿ ಓಡಿಸುತ್ತೇನೆ. ಪ್ಲೈವುಡ್ಡು, ತಂತಿ, ಅಂಟಿನ ಕಲೆ, ಕರಡಿಯ ಬೆನ್ನಿನ ಬೋಲ್ಟು, ಎಲ್ಲ ಕಾಣುತ್ತದೆ. ನಮ್ಮ ಕಸುಬಿನಲ್ಲಿ ಇದನ್ನು ಹೊರಗಿನವರಿಗೆ ಯಾರೂ ತೋರಿಸುವುದಿಲ್ಲ, ಮೂವತ್ತು ವರ್ಷದಲ್ಲಿ ನಾನು ಮಂತ್ರಿ ಬಂದರೂ ತೋರಿಸಿಲ್ಲ. ಟೇಪುಗೆ ಕೇಳಿದೆ. ಒಂದು ಗಾಡಿಗೆ ಆಗಬಹುದು ಅಂದಳು. ನೀನು ಗಾಡಿಯಲ್ಲೇ ಕೂರುವುದಿಲ್ಲ ಅಂದರೆ ಗಾಡಿ ಬಿಡುವವರ ಮೇಜಿನ ಹಿಂದೆ ಕೂರು. ನಿಲ್ಲಿಸುವ ಕೆಂಪು ಗುಂಡಿ ನಿನ್ನ ಕೈಯಲ್ಲಿರಲಿ, ಮೈಕೂ ನಿನ್ನ ಕೈಯಲ್ಲಿರಲಿ. ನಾನು ಒಳಗೆ ಕೂರುತ್ತೇನೆ. ಮೂರನೇ ತಿರುವಿನಲ್ಲಿ ನಿಲ್ಲಿಸಬೇಕು ಅನ್ನಿಸಿದರೆ ನಿಲ್ಲಿಸು. ಎಷ್ಟು ಹೊತ್ತು ಅಂತ ಕೇಳುವುದಿಲ್ಲ. ನಾನು ಹಗ್ಗ ಎಳೆಯುವುದಿಲ್ಲ.

ಹಲಗೆ ಟಾರ್ಪಾಲಿನಡಿ ಇದೆ. ಅದು ನಿನ್ನದು. ಸುಡು ಅಂದರೆ ಸುಡುತ್ತೇನೆ, ಇಡು ಅಂದರೆ ಇಡುತ್ತೇನೆ. ಒರೆಸು ಅಂದರೆ ಮಾತ್ರ ನನ್ನ ಕೈಲಾಗುವುದಿಲ್ಲ, ನೀನೇ ಬಂದು ಒರೆಸಬೇಕು.

ಕತ್ತಲೆ, ಬೆಳಕು, ಮೇಜು, ಬರುವುದಿಲ್ಲ. ಇವುಗಳಲ್ಲಿ ಒಂದು ಬರೆದು ಕಳಿಸು. "ನೋಡೋಣ" ಅಂತ ಬರೆದರೆ ಕಾರ್ಡು ವಾಪಸು ಕಳಿಸುತ್ತೇನೆ.

ಇಂತಿ,
ನಿನ್ನ ಅಪ್ಪ

ಪಟ್ಟಿ ಮುಚ್ಚುವುದು 31ರ ಸಂಜೆ ಐದಕ್ಕೆ. ನಿನ್ನ ಉತ್ತರ 30ನೇ ತಾರೀಖಿನೊಳಗೆ ನನ್ನ ಕೈಯಲ್ಲಿರಬೇಕು.